ಘಟಕದ ಹಿಂದಿನ ಪೈಪು

ನಮ್ಮೂರ ನೀರಿನ ಘಟಕದ ಹಿಂದೆ ಆ ಪೈಪು ಕೂಡಿಸಿದವನು ನಾನೇ, ಸುಜಾತಾ ಮೇಡಂ. ಬೋರಿನ ನೀರು ಶುದ್ಧ ಮಾಡುವ ಯಂತ್ರದೊಳಗೆ ಹೋಗದೆ ನೇರ ಮೇಲಿನ ಟಾಕಿಗೆ ಹತ್ತುವ ಹಾಗೆ ಮಾಡಿದ್ದು ನಾನು. ಅದು ಶುದ್ಧ ನೀರೆಂದು ನಿಮ್ಮೆದುರು ನಿಂತು ಹೇಳಿದ್ದೂ ನಾನು. ಆ ಮಾತು ನಂಬಿ ನೀವು ಮೇಲ್ಮನೆಯಲ್ಲಿ ಎದ್ದು ನಿಂತು, ನಿಮ್ಮ ಮಾತನ್ನು ವಾಪಸು ತೆಗೆದುಕೊಂಡಿರಿ. ನೀವು ಮೊದಲು ಹೇಳಿದ್ದೇ ಖರೆ ಇತ್ತು.

ನಿಮಗೆ ನನ್ನ ನೆನಪು ಇದೆಯೋ ಇಲ್ಲವೋ. ಮೌನೇಶ. ಬಾಗಲವಾಡ ದಾಟಿದ ಮೇಲೆ ರಸ್ತೆಗೆ ಹತ್ತಿಕೊಂಡೇ ನನ್ನ ಶೆಡ್ಡಿದೆ — ಮೋಟಾರು, ವೆಲ್ಡಿಂಗು, ಬೋರಿನ ಕೆಲಸ. ಐದನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಬಿಟ್ಟಿದ್ದಕ್ಕೆ ಎಂದೂ ನಾಚಿಕೆ ಪಟ್ಟಿಲ್ಲ. ಮಾನ್ವಿಯಿಂದ ದೇವದುರ್ಗದ ತನಕ ಯಾವ ಹೊಲದಲ್ಲಿ ಮೋಟಾರು ಸುಟ್ಟರೂ ಮೊದಲು ಫೋನು ಬರುವುದು ನನಗೇ. ನನ್ನ ಕೈ ಹತ್ತಿದ ಮಷೀನು ಮತ್ತೆ ಕೆಟ್ಟು ಕೂತಿತು ಎಂದು ಯಾರೂ ಅಂದಿದ್ದಿಲ್ಲ. ಈ ಮಾತು ಯಾಕೆ ಹೇಳುತ್ತಿದ್ದೇನೆಂದರೆ — ಎಲ್ಲ ಶುರುವಾದದ್ದೇ ಅಲ್ಲಿಂದ.

ನಮ್ಮ ಬೋರಿನ ನೀರು ನಿಮಗೆ ಗೊತ್ತು. ಮಕ್ಕಳ ಹಲ್ಲು ಕಂದಾಗುತ್ತವೆ, ನಡುವಯಸ್ಸಿಗೇ ಮೊಣಕಾಲು ಬಾಗುತ್ತವೆ. ಅದಕ್ಕೆಂದೇ ಸರಕಾರ ಘಟಕ ಕಟ್ಟಿಸಿತ್ತು. ನಾಣ್ಯ ಹಾಕಿದರೆ ಒಂದು ಕೊಡ ನೀರು. ಸ್ವಲ್ಪ ಕಾಲ ನಡೆಯಿತು, ಆಮೇಲೆ ನಿಂತಿತು. ನೋಡಿಕೊಳ್ಳಬೇಕಾದ ಗುತ್ತಿಗೆದಾರ ಇತ್ತ ತಿರುಗಿ ನೋಡಲಿಲ್ಲ. ಕೀಲಿ ಹಾಕಿದ ಬಾಗಿಲಿನ ಮುಂದೆ ಆಡು ಮಲಗುತ್ತಿದ್ದವು.

ಆಗ ನೀವು ಸದನದಲ್ಲಿ ಆ ಪ್ರಶ್ನೆ ಎತ್ತಿದಿರಿ. ಮಾನ್ವಿಯ ಚಹಾದ ಹೋಟೆಲಿನಲ್ಲಿ ನಾವೆಲ್ಲ ಫೋನಿನಲ್ಲಿ ನೋಡಿದೆವು. ರಾಯಚೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು ನೀವು, ವಿರೋಧ ಪಕ್ಷದವರಾದರೂ ಕೂಗಾಡಲಿಲ್ಲ. ಒಬ್ಬ ಕೂಲಿ ಹೆಣ್ಣುಮಗಳು ನೀರಿಗಾಗಿ ಅರ್ಧ ದಿನ ಕಳೆದರೆ ಅವಳ ಮನೆಯ ಒಲೆಗೆ ಏನಾಗುತ್ತದೆ, ಮೊಣಕಾಲು ಹೋದವಳು ಹತ್ತಿ ಬಿಡಿಸಲು ಹೇಗೆ ಬಗ್ಗುತ್ತಾಳೆ ಎಂದು ಕೇಳಿದಿರಿ. ನಮ್ಮ ಸಾಲಿಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳು ನಿಮಗೆ ಹೇಳಿದ ಮಾತನ್ನೂ ಹೇಳಿದಿರಿ — ಈ ನೀರಿನಲ್ಲಿ ಎಷ್ಟು ಕುದಿಸಿದರೂ ಬೇಳೆ ಬೇಯುವುದಿಲ್ಲ, ಮಕ್ಕಳು ಕಾಳು ಕಾಳು ಸಾರು ಉಣ್ಣುತ್ತಾರೆ ಎಂದು. ಕೊನೆಗೆ ನೀವು, ಆ ಯಂತ್ರ ದುರಸ್ತಿ ಮಾಡಬಲ್ಲವರು ಆ ಭಾಗದಲ್ಲಿ ಒಬ್ಬರೂ ಇಲ್ಲ ಎಂದಿರಿ.

ಹೋಟೆಲಿನ ಮಾಲೀಕ ಖಾಜಾಸಾಬ ನನ್ನ ಕಡೆ ನೋಡಿದ.

“ಏನಲೇ ಮೌನೇಶ, ವಿಧಾನಸೌಧದಾಗ ನಿನ್ನ ಹೆಸರು ಬಂತಲ್ಲೋ — ಬರದೇ ಬಂತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ — ಹೇಗೆ ಹೇಳಲಿ. ನೀವು ನನ್ನನ್ನು ಬೈದಿರಲಿಲ್ಲ. ನಾನೊಬ್ಬ ಇದ್ದೇನೆಂದೇ ನಿಮಗೆ ಗೊತ್ತಿರಲಿಲ್ಲ. ನನಗೆ ಚುಚ್ಚಿದ್ದು ಅದೇ.

ಸದನದಲ್ಲಿ ಮಾತು ಬಂದದ್ದರಿಂದ ಅಧಿಕಾರಿಗಳು ತಪಾಸಣೆಗೆ ಬರುವುದೆಂದಾಯಿತು. ಗುತ್ತಿಗೆದಾರನ ಮ್ಯಾನೇಜರ ನನ್ನ ಶೆಡ್ಡು ಹುಡುಕಿಕೊಂಡು ಬಂದ. ಹೇಗಾದರೂ ಚಾಲೂ ಮಾಡಿಕೊಡು ಎಂದ. ಬಿಚ್ಚಿ ನೋಡಿದೆ. ನೀರು ಸೋಸುವ ಪೊರೆಗಳು ಪೂರ್ತಿ ಕಲ್ಲುಗಟ್ಟಿದ್ದವು. ಹೊಸವು ಹೈದರಾಬಾದಿನಿಂದ ಬರಬೇಕು, ಅಷ್ಟರಲ್ಲಿ ಬರುವಂತಿರಲಿಲ್ಲ. ಅಲ್ಲಿಗೇ ‘ಇದು ಈಗ ಆಗುವುದಿಲ್ಲ’ ಎಂದು ಹೇಳಿ ಎದ್ದು ಬರಬೇಕಿತ್ತು. ಆದರೆ ‘ಆಗುವುದಿಲ್ಲ’ ಎಂಬ ಮಾತು ನನ್ನ ಬಾಯಿಂದ ಬಂದರೆ, ಯಾರೂ ಇಲ್ಲ ಎಂದ ನಿಮ್ಮ ಮಾತು ಖರೆಯಾಗುತ್ತಿತ್ತಲ್ಲ.

ಅದಕ್ಕೇ ಪೈಪು ಕೂಡಿಸಿದೆ. ಮ್ಯಾನೇಜರ ಹೇಳಿದ್ದು ನೀರು ಬರಬೇಕೆಂದಷ್ಟೇ, ಉಪಾಯ ನನ್ನದು. ತಪಾಸಣೆಯ ದಿನಕ್ಕೆಂದು ಟಾಕಿಗೆ ಮಾನ್ವಿಯಿಂದ ತಂದ ಒಳ್ಳೆಯ ನೀರು ತುಂಬಿಸಿದೆ. ಅದು ಖಾಲಿಯಾದಂತೆ ಬೋರಿನ ನೀರು ತಾನೇ ಹತ್ತುವ ಹಾಗೆ ಇಟ್ಟೆ. ಪೈಪು ಕಾಣಬಾರದೆಂದು ಮುಂದೆ ತಗಡು ಬಡಿದೆ. ಅಧಿಕಾರಿಗಳು ಬಂದರು, ನಾಣ್ಯ ಹಾಕಿದರು, ನೀರು ಬಂತು. ಪರೀಕ್ಷೆ ಮಾಡಿದರು, ಒಳ್ಳೆಯದಿತ್ತು. ಫೋಟೋ ತೆಗೆಸಿಕೊಂಡು ಹೋದರು. ಪೊರೆ ಬಂದ ಕೂಡಲೇ ಸರಿ ಮಾಡಿಬಿಡುತ್ತೇನೆಂದು ನನಗೆ ನಾನೇ ಹೇಳಿಕೊಂಡೆ. ಪೊರೆ ಬರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ದುರಸ್ತಿ ಆಗಿಲ್ಲವೆಂದು ಒಪ್ಪಿದಂತಾಗುತ್ತಿತ್ತು.

ಆಮೇಲೆ ನೀವೇ ಬಂದಿರಿ. ಸದನದಲ್ಲಿ ಮಂತ್ರಿಗಳು ಫೋಟೋ ತೋರಿಸಿದ್ದರೂ ಕಣ್ಣಾರೆ ನೋಡಬೇಕೆಂದು ಬಂದಿರಿ. ದುರಸ್ತಿ ಮಾಡಿದವನೆಂದು ನನ್ನನ್ನೂ ಕರೆಸಿದ್ದರು. ನಿಮ್ಮ ಜೊತೆಗೆ ಆ ಬಿಸಿಯೂಟದ ಹುಲಿಗೆಮ್ಮ ಇದ್ದಳು. ನೀರು ಬಂದರೂ ಬೇಳೆ ಬೇಯವಲ್ಲದು ಎಂದು ಅವಳು ಒಂದೇ ಸಮನೆ ಹೇಳುತ್ತಿದ್ದಳು. ನೀವು ಲೋಟದಲ್ಲಿ ನೀರು ಹಿಡಿದು, ಕುಡಿಯದೆ ನನ್ನ ಮುಖ ನೋಡಿದಿರಿ.

“ಮೌನೇಶಪ್ಪ, ನಿಮ್ಮಂಥವರು ಇಲ್ಲಿ ಇರೋದು ನನಗ ಗೊತ್ತಿರಲಿಲ್ಲ. ಯಾರೂ ಇಲ್ಲ ಅಂದಿದ್ದು ತಪ್ಪಾತು, ಮನಸಿಗೆ ಹಚ್ಚಿಕೋಬ್ಯಾಡ್ರಿ. ಈಗ ನೀವ ಹೇಳ್ರಿ — ಇದು ಶುದ್ಧ ಆಗಾಕತ್ತದೇನು?”

ನೀವು ನನ್ನ ಕ್ಷಮೆ ಕೇಳಿದಿರಿ, ಮೇಡಂ. ಪೈಪು ನಿಮ್ಮ ಬೆನ್ನ ಹಿಂದೆ, ಒಂದು ತಗಡಿನ ಆಚೆ ಇತ್ತು.

“ಆಗಾಕತ್ತದರೀ,” ಎಂದೆ. “ನನ್ನ ಕೈಯಾಗಿನ ಕೆಲಸ ಅದು.”

ಹುಲಿಗೆಮ್ಮನ ಕಡೆ ತಿರುಗಿ, ರೇಷನ್ ಬೇಳೆ ಹಳೆಯದಿರಬೇಕೆಂದೂ ಹೇಳಿದೆ. ನೀವು ಆ ನೀರು ಕುಡಿದಿರಿ. ಹುಲಿಗೆಮ್ಮ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಮುಂದಿನದು ನಿಮಗೇ ಗೊತ್ತು. ನಿಮ್ಮ ಮಾಹಿತಿ ತಪ್ಪಿತ್ತೆಂದು ಸದನದಲ್ಲಿ ಒಪ್ಪಿಕೊಂಡಿರಿ. ಅದರ ಜೊತೆಗೆ ಮಾನ್ವಿ, ದೇವದುರ್ಗ ಕಡೆಯ ಉಳಿದ ಘಟಕಗಳ ಪ್ರಶ್ನೆಯೂ ಬಿದ್ದುಹೋಯಿತು. ಊರಲ್ಲಿ ನನ್ನ ಹೆಸರು ಏರಿತು. ಹುಲಿಗೆಮ್ಮನಿಗೆ ಸುಳ್ಳುಬುರುಕಿ ಎಂಬ ಹೆಸರು ಬಂತು.

ಸ್ವಲ್ಪ ದಿನದ ಮೇಲೆ ಅವಳು ಮಧ್ಯಾಹ್ನ ಶೆಡ್ಡಿಗೆ ಬಂದಳು. ಕೈಯಲ್ಲಿ ಸಾರಿನ ಬಟ್ಟಲು. ಮೋಟಾರಿನ ಮೇಲೆ ಇಟ್ಟು, ತಿನ್ನು ಎಂದಳು. ಬೇಳೆ ಹಲ್ಲಿಗೆ ಕಟಕಟ ಅಂದಿತು. “ಇದು ಹೊಸಾ ಬ್ಯಾಳಿ, ಯಪ್ಪಾ. ನನ್ನ ತವರಮನಿಯಿಂದ ತಂದದ್ದು,” ಎಂದಳು. ನಾನು ಕೆಲಸ ಬಹಳ ಇದೆ ಎಂದೆ. ಅವಳು ಬಟ್ಟಲು ಅಲ್ಲೇ ಬಿಟ್ಟು ಹೋದಳು. ಮಕ್ಕಳು ಹಸಿಬಿಸಿ ಸಾರು ಚೆಲ್ಲುತ್ತಾರೆಂದು ದೂರು ಹೋಗಿ, ಮುಂದೆ ಅವಳನ್ನು ಅಡುಗೆಯಿಂದ ತೆಗೆದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಇದಕ್ಕಿಂತ ಕೆಟ್ಟದ್ದೊಂದು ಇದೆ. ಅದನ್ನೂ ಬರೆದುಬಿಡುತ್ತೇನೆ. ಪೈಪು ಕೂಡಿಸಿದ ಮೇಲೆ ನನ್ನ ಮನೆಯವರು ಆ ನೀರು ಕುಡಿದಿಲ್ಲ. ನಾನು ಮಾನ್ವಿಯಿಂದ ಬೈಕಿನ ಮೇಲೆ ಕ್ಯಾನು ತರುತ್ತಿದ್ದೆ, ಗೋಣಿಚೀಲ ಮುಚ್ಚಿ. ಪಕ್ಕದ ಮನೆಯವರು ಕೇಳಿದರೆ ಹೆಂಡತಿಗೆ ಮೂತ್ರಪಿಂಡದ ಕಲ್ಲು, ಡಾಕ್ಟರು ಹೇಳಿದ್ದಾರೆ ಎನ್ನುತ್ತಿದ್ದೆ. ಊರ ಮಕ್ಕಳು ನನ್ನ ಮನೆಯ ಮುಂದೆಯೇ ಕೊಡ ಹಿಡಿದು ಘಟಕಕ್ಕೆ ಹೋಗುತ್ತಿದ್ದರು. ನಾಣ್ಯ ಕೊಟ್ಟು ಬೋರಿನ ನೀರು ತರುತ್ತಿದ್ದರು. ಮೊದಲು ಅನುಮಾನದಿಂದ ಕುಡಿಯುತ್ತಿದ್ದ ನೀರನ್ನು ಈಗ ನಂಬಿ ಕುಡಿಯುತ್ತಿದ್ದರು. ನನ್ನ ಹೆಸರು ನಂಬಿ.

ಇತ್ತೀಚೆಗೆ ಒಂದು ದಿನ ಅದೇ ಹೋಟೆಲಿನಲ್ಲಿ ನಿಮ್ಮನ್ನು ಮತ್ತೆ ಫೋನಿನಲ್ಲಿ ನೋಡಿದೆ. ನಮ್ಮ ಭಾಗದ ಆಸ್ಪತ್ರೆಗಳಿಗೆ ಡಾಕ್ಟರು ಸಾಲುತ್ತಿಲ್ಲ, ಯರಗೇರಾ ಕಡೆ ಓದಲು ಹೋಗುವ ಹುಡುಗಿಯರಿಗೆ ಬಸ್ಸು ಸಾಲುತ್ತಿಲ್ಲ ಎಂದು ಶುರು ಮಾಡಿದ್ದಿರಿ. ಆಡಳಿತ ಪಕ್ಷದ ಕಡೆಯಿಂದ ಯಾರೋ ಕೂತಲ್ಲಿಂದಲೇ, ‘ಮೇಡಂ, ಇಲ್ಲಿ ನಿಮ್ಮ ಬೇಳೆ ಬೇಯಲ್ಲ’ ಎಂದರು. ಸದನ ನಕ್ಕಿತು. ನೀವು ಕೈಯಲ್ಲಿದ್ದ ಹಾಳೆ ನೋಡಿದಿರಿ, ಮತ್ತೆ ಶುರು ಮಾಡಿದಿರಿ, ಮತ್ತೆ ನಕ್ಕರು. ಆಮೇಲೆ ಕೂತಿರಿ. ಖಾಜಾಸಾಬ ಈ ಸಲ ನಗಲಿಲ್ಲ. ಪಾಪ, ಖರೆ ಹೇಳಿದರೂ ಈ ಮೇಡಂ ಮಾತು ಇನ್ನು ಯಾರೂ ಕೇಳುವುದಿಲ್ಲ ಎಂದ. ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ಮೊದಲು ಹುಲಿಗೆಮ್ಮನ ಹತ್ತಿರ ಹೋದೆ. ಹತ್ತಿ ಹೊಲದಲ್ಲಿ ಕುರ್ಚಿಗಿ ಹಿಡಿದು ಕಳೆ ತೆಗೆಯುತ್ತಿದ್ದಳು. ಬದುವಿನ ಮೇಲೆ ನಿಂತು ಎಲ್ಲ ಹೇಳಿದೆ. ಕುರ್ಚಿಗಿ ನಿಲ್ಲಿಸದೆ ಕೇಳಿದಳು.

“ನನಗ ಅವತ್ತ ಗೊತ್ತಿತ್ತು,” ಎಂದಳು. “ನಿನ್ನ ಮನಿ ಮುಂದ ಕ್ಯಾನ್ ಇಳಿಯಾದು ನೋಡೀನಿ. ಯಾರಿಗೆ ಹೇಳಲಿ? ನನ್ನ ಮಾತು ನಂಬಿದಾಕಿ ಆ ಮೇಡಂ ಒಬ್ಬಾಕಿನ. ಆಕಿನೂ ನಿನ್ನ ಮಾತು ಕೇಳಿ ಬಿಟ್ಟಳು. ಹೋಗು, ಆಕಿಗೆ ಹೇಳು.”

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ನಾನೂ ಕೇಳಲಿಲ್ಲ. ನಿಮ್ಮನ್ನೂ ಕೇಳುತ್ತಿಲ್ಲ.

ಇವತ್ತು ಮುಂಜಾನೆ ಊರವರು ಕೊಡ ಹಿಡಿದು ನಿಂತಿದ್ದಾಗಲೇ ತಗಡು ಕಿತ್ತೆ, ಪೈಪು ಕೊಯ್ದೆ, ಇಷ್ಟು ದಿನ ಅವರು ಏನು ಕುಡಿದರೆಂದು ಹೇಳಿದೆ. ಕೊಡ ಕೆಳಗಿಟ್ಟರು. ಆಮೇಲೆ ಬೈದರು. ಒಬ್ಬ ಮುದುಕ ತನ್ನ ಪಂಚೆ ಸರಿಸಿ ಮೊಣಕಾಲು ತೋರಿಸಿದ. ಅವನ ಕಾಲು ನನ್ನ ಪೈಪಿಗಿಂತ ಮೊದಲೇ ಬಾಗಿತ್ತು ಎಂದು ನಾನು ಅನ್ನಬಹುದಿತ್ತು. ಅನ್ನಲಿಲ್ಲ.

ನೀವು ಈ ಮಾತನ್ನು ಮತ್ತೆ ಸದನದಲ್ಲಿ ಎತ್ತಿದರೆ ನಗುತ್ತಾರೆ, ಗೊತ್ತಿದೆ. ಆಗ ನನ್ನ ಹೆಸರು ಹೇಳಿ. ಹುಲಿಗೆಮ್ಮನ ಹೆಸರನ್ನೂ ಹೇಳಿ, ಅವಳದು ಮೊದಲು. ಯಾವ ಕಚೇರಿಗೆ ಕರೆದರೂ ಬರುತ್ತೇನೆ. ಕೊಯ್ದ ಪೈಪಿನ ತುಂಡು ಶೆಡ್ಡಿನಲ್ಲಿದೆ, ತರುತ್ತೇನೆ.

ಘಟಕದ ನಲ್ಲಿ ಈಗ ಒಣಗಿದೆ. ಬಾಗಿಲಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದಿದ್ದೇನೆ — ‘ಯಂತ್ರ ಕೆಟ್ಟದ, ನೀರು ಶುದ್ಧ ಇಲ್ಲ’. ಅಕ್ಷರ ಸೊಟ್ಟಗಿವೆ. ಕೆಳಗೆ ‘ಮೌನೇಶ’ ಎಂದು ಬರೆದಿದ್ದೇನೆ.