ಬೆಂಕಿಯ ಬಣ್ಣ ನೋಡಲು ಬಂದವರು

ಹೆಣ್ಣು ನೋಡಲು ಬಂದವರು ಹೆಣ್ಣು ನೋಡಿಕೊಂಡು ಹೋಗಬೇಕು. ನನ್ನ ಕೆಲಸದ ತಂಟೆ ಇವರಿಗೇಕೆ? ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಕೊಳ್ಳೇಗಾಲದ ನಮ್ಮ ಮನೆಯ ಪಡಸಾಲೆಯಲ್ಲಿ ಅಮ್ಮನ ಮಗ್ಗ, ಒಳಕೋಣೆಯಲ್ಲಿ ನನ್ನ ಕಂಪ್ಯೂಟರ್. ವಿಡಿಯೊ ಗೇಮ್ ತಯಾರಿಸುವ ಕಂಪನಿಯೊಂದಕ್ಕೆ ನಾನು ಮನೆಯಿಂದಲೇ ಬೆಂಕಿ, ಹೊಗೆ, ಧೂಳು ಮಾಡಿಕೊಡುತ್ತೇನೆ. ಇವೆಲ್ಲ ಸಣ್ಣ ಸಣ್ಣ ಚುಕ್ಕೆಗಳ ಹಿಂಡು, ಪಾರ್ಟಿಕಲ್ ಅನ್ನುತ್ತಾರೆ. ಅವುಗಳ ಬಣ್ಣ ಬದಲಿಸುವುದೆಂದರೆ ಒಂದು ಗುಂಡಿ ಒತ್ತಿದಂತಲ್ಲ ಸ್ವಾಮಿ! ಚುಕ್ಕೆ ಹುಟ್ಟುವಾಗ ಒಂದು ಬಣ್ಣ, ಉರಿಯುವಾಗ ಒಂದು, ಆರುವಾಗ ಇನ್ನೊಂದು. ಚುಕ್ಕೆಗೆ ಬಳಸಿದ ಮೂಲ ಚಿತ್ರವೇ ಕೆಂಪಗಿದ್ದರೆ ಮೇಲೆ ಎಷ್ಟು ಹಸಿರು ಬಳಿದರೂ ಕೆಸರಿನ ಬಣ್ಣವೇ ಗತಿ. ಮೊದಲು ಅದನ್ನು ಬಿಳಿ ಮಾಡಿಕೊಳ್ಳಬೇಕು. ಇದನ್ನು ಕಲಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಆ ದಿನ ಯಳಂದೂರಿನಿಂದ ಗಂಡು, ಅವನ ತಾಯಿ, ಸೋದರಮಾವ ಬಂದರು. ಉಪ್ಪಿಟ್ಟು, ಕೇಸರಿಬಾತು ಮುಗಿಯಿತು.

"ಅದೇನ್ ಕೆಲ್ಸ ಮಾಡ್ತಿಯೋ ಒಸಿ ತೋರ್ಸವ್ವ," ಎಂದ ಆ ಮಾವ.

ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಪರದೆಯ ಮೇಲೆ ಸೌದೆ ಒಲೆ ಉರಿಯುತ್ತಿತ್ತು.

"ಈ ಬೆಂಕಿನ ಗಿಣಿ ಅಸ್ರು ಮಾಡು ನೋಡವ," ಎಂದ ಮಾವ.

ಮಾಡಿದೆ. ಗಂಡಿನ ತಾಯಿ ಕುರ್ಚಿ ಎಳೆದುಕೊಂಡು ಕೂತರು. "ನೇರ್ಳೆ ಮಾಡು. ಅಂಚ್ಗೆ ಒಸಿ ಅರಿಸ್ಣ ಬರ್ಲಿ." ಸೀರೆ ಅಂಗಡಿಗೆ ಬಂದ ಗಿರಾಕಿಗಳ ಹಾಗೆ ಒಂದಾದ ಮೇಲೊಂದು ಬಣ್ಣ ಮಾಡಿಸಿದರು. ಮೆಚ್ಚಿಕೊಂಡಿದ್ದಾರೆ ಅಂತ ನಾನೂ ಹಿಗ್ಗಿದ್ದೆ, ದಡ್ಡಿ! ಕೊನೆಗೆ ಆಯಮ್ಮ ಎದ್ದು ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದರು.

"ಈ ನೇರ್ಳೆಲೇ ಮದ್ವೆ ಸೀರೆ ನೇಯ್ಸ್ಬುಡಿ, ಸಂದಾಗದೆ. ಮದ್ವೆ ಆದ್ಮೇಕೆ ಈ ಆಟಗೀಟ ಎಲ್ಲ ಬ್ಯಾಡ."

ಆಟವಂತೆ ಆಟ! ಆಡುವವರು ಬೇರೆ ಕಣಮ್ಮ, ಮಾಡುವವಳು ನಾನು. ಗಂಡಿನ ಮುಖ ನೋಡಿದೆ. ಆ ಪುಣ್ಯಾತ್ಮ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದ. ಅದೂ ಹಾಳಾಗಲಿ. ನಮ್ಮಪ್ಪ, "ಬುಡ್ತಾಳೆ ಬುಡಿ, ಅದೇನ್ ದೊಡ್ಡುದು," ಎಂದು ನಕ್ಕುಬಿಟ್ಟ. ಆ ನಗುವೇ ನನಗೆ ಹೆಚ್ಚು ಉರಿ ಹತ್ತಿಸಿತು.

"ನಾನ್ ಬುಡಕುಲ್ಲ," ಎಂದೆ.

"ಬಾಯಿ ಜೋರದೆ," ಎಂದ ಮಾವ. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೊರಟರು.

ಅವರ ಬೆನ್ನು ಮರೆಯಾಗಿದ್ದೇ ತಡ, ಅಪ್ಪ ಕೂಗಾಡಿದ. "ಮನೆ ಬಾಗ್ಲಿಗ್ ಬಂದ ಸಂಬಂಧನ ಕಾಲಲ್ ಒದ್ದುಬುಟ್ಟಲ್ಲ!"

ಮಗ್ಗದ ಮುಂದೆ ಕೂತಿದ್ದ ಅಮ್ಮ ಕೈ ನಿಲ್ಲಿಸಿದಳು. "ನನ್ನ ನೋಡಕ್ ಬಂದಾಗ ನಿಮ್ಮವ್ವ ನನ್ ಕೈಲಿ ನೇಯ್ಸಿ ನೋಡುದ್ರು. ಕೈ ಬಿರ್ನೆ ಓಡ್ತದೆ ಅಂತ್ಲೇ ಒಪ್ಪುದ್ರು. ಮಗ್ಗ ಬುಟ್ಬುಡು ಅಂತ ಒಬ್ರಾದ್ರೂ ಅಂದ್ರಾ?"

ನನಗೆ ಕೋಪ ನೆತ್ತಿಗೇರಿತು. ಅವಳಿಗೆ ದುಡಿ ಅಂದವರೂ ಇಂಥವರೇ, ನನಗೆ ಬಿಡು ಅನ್ನುವವರೂ ಇಂಥವರೇ. ನಿನಗೇನು ಇಷ್ಟ ಅಂತ ನಮ್ಮಿಬ್ಬರನ್ನೂ ಯಾರೂ ಕೇಳಿರಲಿಲ್ಲ.

ಮರುದಿನ ಆ ಮಾವನ ಫೋನು ಬಂತು. ಅಪ್ಪ ಸ್ಪೀಕರ್ ಹಾಕಿದ.

"ಉಡ್ಗಿ ನಮ್ಗೆ ಒಪ್ಗೆ ಆಯ್ತು ಕಣ್ರಿ. ಆ ಕೆಲ್ಸ ಒಂದ್ ಬುಡ್ಸಿ ಕಳ್ಸಿ."

ಅಪ್ಪನ ಮುಖ ಅರಳಿತು. ಅಮ್ಮ ಮಗ್ಗದಿಂದ ಎದ್ದು ಬಂದು ಅವನ ಕೈಯಿಂದ ಫೋನು ತೆಗೆದುಕೊಂಡಳು.

"ನಿಮ್ಗೆ ಒಪ್ಗೆ ಆಗದೆ, ಸರಿ. ನಮ್ಗೆ ಉಡ್ಗ ಒಪ್ಗೆ ಆಗಿಲ್ಲ ಕಣ್ರಿ," ಎಂದು ಇಟ್ಟುಬಿಟ್ಟಳು.