ಬೀಗ ಹಾಕಿದ ಕೋಣೆಯಿಂದ ಬಂದ ಗಂಟೆ

ಇಂಥ ಕಥೆ ಯಾರಾದರೂ ಹೇಳಿದರೆ ಎದುರಿಗೆ ಕೂರಿಸಿಕೊಂಡು ಜಾಲಾಡಿಸುವವನು ನಾನು. ನೀವು ಹೇಳಿದ್ದರೂ ಬಿಡುತ್ತಿರಲಿಲ್ಲ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಮನುಷ್ಯನಿಗಿಂತ ಯಂತ್ರವನ್ನೇ ನಂಬಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಗೆದ್ದೂ ಇದ್ದೆ.

ಅದಾದ ಕೆಲವೇ ದಿನಕ್ಕೆ ಅಕ್ಕನ ಹೆರಿಗೆ ಕಷ್ಟವಾಯಿತು. ಎರಡು ದಿನ ನೋಡಿ ಸೂಲಗಿತ್ತಿ ಕೈಚೆಲ್ಲಿದಳು. ಬೀದರದ ದವಾಖಾನೆಗೆಂದು ಭಾಲ್ಕಿ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಗಾಡಿಗೆ ಹತ್ತಿಸಿ ಮಲಗಿಸಿದೆವು. ಗಾಡಿ ಹೊರಡಲಿಲ್ಲ. ಸ್ಟೇಷನ್ ಮಾಸ್ತರರ ಕೋಣೆಗೆ ಓಡಿದೆ.

ಅದು ಒಂಟಿ ಹಳಿಯ ದಾರಿ. ಮುಂದಿನ ಸ್ಟೇಷನ್ನಿನವರು ಗಂಟೆ ಬಾರಿಸಿ ಒಪ್ಪಿದರೆ ಮಾತ್ರ ಇಲ್ಲಿಯ ಯಂತ್ರ ಒಂದು ಉಕ್ಕಿನ ಗೋಲಿ ಹೊರಹಾಕುತ್ತದೆ. ಅದು ಡ್ರೈವರನ ಕೈ ಸೇರಿದರೆ ಗಾಡಿ ಬಿಡಬಹುದು. ಗೋಲಿ ಖಾಸಿಂ ಮಾಸ್ತರರ ಕೈಯಲ್ಲೇ ಇತ್ತು.

"ಗೋಲಿ ಬಂದದಲ್ರಿ, ಇನ್ನ ಯಾಕ ನಿಂದ್ರಿಸೀರಿ?"

"ಬಂದದರಿ. ಆದರ ಗಂಟಿ ಮುಂದಿನ ಸ್ಟೇಷನ್ನಿನ ಮಾಣಿಕಪ್ಪ ಹೊಡದದ್ದಲ್ಲ. ಅವ ಎರಡನೇ ಪೆಟ್ಟು ಹೊಡಿಯೂ ಮುಂದ ಜರಾ ತಡೀತಾನ. ಹನ್ನೆರಡು ವರ್ಷ ಕೇಳೀನಿ."

"ಯಂತ್ರಕ್ಕ ಸುಳ್ಳ ಹೇಳ್ಲಿಕ್ಕ ಬರೂದಿಲ್ರಿ."

"ನೀವು ಕಾಲೇಜಿನವ್ರು, ಮಾತಿನ್ಯಾಗ ಗೆಲ್ತೀರಿ. ಗಾಡಿ ಬಿಡಾಂವ ನಾ ಇದ್ದೀನಲ್ರಿ."

ಮುಕ್ಕಾಲು ತಾಸು ವಾದಿಸಿದೆ, ಬೈದೆ, ಕೊನೆಗೆ ಕಾಲು ಹಿಡಿದೆ. ಅವರು ಮತ್ತೆ ಮತ್ತೆ ಟೆಲಿಫೋನು ತಿರುಗಿಸಿದರು. ಆ ಕಡೆ ಯಾರೂ ಎತ್ತಲಿಲ್ಲ. ಗಾಡಿಯಿಂದ ಅಕ್ಕನ ದನಿ ಕೇಳುತ್ತಲೇ ಇತ್ತು. ಆಮೇಲೆ ಅದೂ ನಿಂತಿತು.

ಆಗ ಮುಂದಿನ ಸ್ಟೇಷನ್ನಿನ ಕಡೆಯ ತಿರುವಿನಲ್ಲಿ, ಹಳಿಯ ಮೇಲೆ, ಒಂದು ಟ್ರಾಲಿ ಕಂಡಿತು. ಚಕ್ರ ಕಚ್ಚಿಕೊಂಡಿತ್ತು, ಮೇಲೆ ಕಬ್ಬಿಣದ ಹೇರು. ಹಳಿಯಿಂದ ಇಳಿಸಲಾಗದೆ ಆರು ಮಂದಿ ಕೂಲಿಗಳು ದೂಡಿಕೊಂಡೇ ಬಂದರು. ಬಂದವರೇ ನೀರು ಕೇಳಿದರು.

ಬೀದರ ಮುಟ್ಟುವ ಮೊದಲೇ ಕೂಸು ಸತ್ತು ಹುಟ್ಟಿತು. ಅಕ್ಕ ಉಳಿದಳು.

ಗಂಟೆ ಬಂದ ಹೊತ್ತಿನಲ್ಲಿ ಮಾಣಿಕಪ್ಪ ಯಂತ್ರದ ಕೋಣೆಗೆ ಬೀಗ ಹಾಕಿ, ತನ್ನ ಸ್ಟೇಷನ್ನಿನಿಂದ ಹೊರಟ ಟ್ರಾಲಿ ಎಲ್ಲಿ ಉಳಿಯಿತೆಂದು ಹಳಿಗುಂಟ ನೋಡುತ್ತ ನಡೆದಿದ್ದನಂತೆ. ಕೀಲಿ ಅವನ ಜೇಬಿನಲ್ಲೇ ಇತ್ತು. ರೈಲ್ವೆಯವರು ಎರಡೂ ಸ್ಟೇಷನ್ನಿನ ಯಂತ್ರ ಬಿಚ್ಚಿದಾಗ ನಾನು ಹಟ ಹಿಡಿದು ಹೋಗಿ ನಿಂತು ನೋಡಿದೆ, ದೋಷ ಸಿಗಲಿಲ್ಲ. ತಂತಿ, ಸಿಡಿಲು, ಯಾರದೋ ಕಿಡಿಗೇಡಿತನ ಎಂದು ನಾನು ಹೂಡಿದ ಒಂದೊಂದು ವಾದವನ್ನೂ ನಾನೇ ಮುರಿದಿದ್ದೇನೆ.

ಅಕ್ಕ ಒಮ್ಮೆ ಮಾತ್ರ ಕೇಳಿದಳು.

"ತಮ್ಮಾ, ಅವತ್ತ ಗಾಡಿ ಯಾಕ ನಿಂತಿತ್ತೋ?"

"ಹಳಿ ಮ್ಯಾಲ ಮಂದಿ ಇದ್ರಕ್ಕಾ."

"ಎಷ್ಟ ಮಂದಿ?"

"ಆರು."

ಗಂಟೆಯ ಮಾತನ್ನು ನಾನು ಇವತ್ತಿಗೂ ಅವಳಿಗೆ ಹೇಳಿಲ್ಲ. ಹೇಳಿದರೆ, ಹೊಡೆದವರು ಯಾರೆಂದು ಕೇಳಿಬಿಡುತ್ತಾಳೆ.