ಹಿಡಿಕಡ್ಡಿಯ ಪಾಠ

ಶಿರಸಿ ಪೇಟೆಯಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯೊಂದಿದೆ. ಇವತ್ತು ಬೆಳಿಗ್ಗೆ ಅಲ್ಲಿಂದ ಸುಟ್ಟ ವಾರ್ನಿಶ್ ವಾಸನೆ ಬಂದದ್ದೇ ನಾನು ರಸ್ತೆ ದಾಟಿ ಆಚೆ ಬದಿಗೆ ಹೋದೆ. ನನಗೆ ಆ ವಾಸನೆ ಅಲರ್ಜಿ ಎಂದು ಮನೆಯವರಿಗೆ ಹೇಳಿಟ್ಟಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಅದು ನಾಚಿಕೆ.

ಕೆಲವು ವರ್ಷಗಳ ಹಿಂದೆ ರೈತರ ತರಬೇತಿ ಕೇಂದ್ರವೊಂದರಲ್ಲಿ ಪಂಪ್‌ಸೆಟ್ಟಿನ ಪಾಠ ನನ್ನ ಕೊರಳಿಗೆ ಬಿತ್ತು. ಕಲಿಸಲೆಂದೇ ಪ್ಲೈವುಡ್ ಹಲಗೆಯೊಂದರ ಮೇಲೆ ಸ್ಟಾರ್ಟರ್, ಹಸಿರು ಕೆಂಪು ಬಟನ್, ರಿಲೇ ಎಲ್ಲ ಕೂರಿಸಿ, ಪಕ್ಕದಲ್ಲೊಂದು ಪುಟ್ಟ ಮೋಟರ್ ಇಟ್ಟಿದ್ದರು. ಮೋಟರ್ ಹೆಚ್ಚು ಕರೆಂಟ್ ಎಳೆದರೆ ರಿಲೇ ಅದನ್ನು ನಿಲ್ಲಿಸಿ ಸುಡದಂತೆ ಕಾಯುತ್ತದೆ. ಇದನ್ನೆಲ್ಲ ಪುಸ್ತಕ ಓದಿ ಬಹಳ ಸೊಗಸಾಗಿ ಹೇಳುತ್ತಿದ್ದೆ. ಸ್ಕ್ರೂಡ್ರೈವರ್ ಇದ್ದದ್ದು ಜೇಬಿಗೆ ಸಿಕ್ಕಿಸಿಕೊಳ್ಳಲಿಕ್ಕೆ ಮಾತ್ರ.

ಸಾಹೇಬರೊಬ್ಬರು ತರಗತಿಯ ತಪಾಸಣೆಗೆ ಬಂದ ದಿನವೇ ಹಲಗೆ ಕೈಕೊಟ್ಟಿತು. ಹಸಿರು ಬಟನ್ ಒತ್ತಿದರೆ ಮೋಟರ್ ಗರ್ರೆಂದು ತಿರುಗುವುದು, ಟಕ್ಕೆಂದು ನಿಲ್ಲುವುದು. ಮೂರು ಸಲ ಹೀಗಾಯಿತು. ನಾನು ಬೆವೆತುಹೋದೆ. ಮೂಲೆಯಲ್ಲಿದ್ದ ಪೊರಕೆಯಿಂದ ಹಿಡಿಕಡ್ಡಿಯೊಂದನ್ನು ಮುರಿದು, ರಿಲೇ ಅಲುಗದಂತೆ ಅದರ ಸಂದಿಗೆ ತುರುಕಿದೆ. ಮೋಟರ್ ಮತ್ತೆ ನಿಲ್ಲಲಿಲ್ಲ. ಸಾಹೇಬರು ತಲೆದೂಗಿದರು, ನಾನು ಬೀಗಿದೆ. ಕಡ್ಡಿ ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಿಂಗಳು ಕಳೆದ ಮೇಲೆ ಬನವಾಸಿ ಕಡೆಯ ಗಂಗವ್ವ ಬಂದರು. ಅದೇ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನನ್ನ ಕೆಮ್ಮನ್ನೂ ಬಿಡದೆ ಬರೆದುಕೊಳ್ಳುತ್ತಿದ್ದ ಹೆಂಗಸು.

"ಮೋಟರ್ ಸುಟ್ಟೋತ್ರೀ ಸರ. ಶುಂಠಿಗೆ ನೀರಿಲ್ಲ."

"ರಿಲೇ ನಿಲ್ಲಿಸಬೇಕಿತ್ತಲ್ಲ?"

"ಘಳಿಗ್ಗೊಮ್ಮೆ ನಿಲ್ಲಿಸ್ತಿತ್ರೀ. ಅದಕ್ಕ ಕಡ್ಡಿ ಇಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು. "ಯಾರಮ್ಮ ನಿಮಗೆ ಈ ದಡ್ಡತನ ಹೇಳಿಕೊಟ್ಟವರು?"

ಅವರು ಪ್ರಾಕ್ಟಿಕಲ್ ಪುಸ್ತಕ ಬಿಡಿಸಿದರು. ಪೆನ್ಸಿಲ್ಲಿನಲ್ಲಿ ಅಚ್ಚುಕಟ್ಟಾದ ಚಿತ್ರ: ಹಲಗೆ, ಬಟನ್, ರಿಲೇ, ಅದರ ಸಂದಿಯಲ್ಲಿ ಕಡ್ಡಿ. ಬಾಣದ ಗುರುತಿನ ಪಕ್ಕ, 'ಕೊನೆಗೆ ಕಡ್ಡಿ ಇಡಬೇಕು.' ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಬಹಳ ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿದವನು ನಾನೇ.

ಅವತ್ತೇ ಅವರ ಜೊತೆ ಹೋಗಿ ಮೋಟರನ್ನು ಶಿರಸಿಗೆ ತಂದು, ಇದೇ ಅಂಗಡಿಯ ಮೆಕ್ಯಾನಿಕ್ಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಜೀವನದಲ್ಲಿ ಮೊದಲ ಸಲ ಮೋಟರ್ ಬಿಚ್ಚುವುದನ್ನು ಕಲಿತೆ. ಶುಂಠಿ ಅರ್ಧ ಉಳಿಯಿತು. ಗಂಗವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೊನ್ನೆ ಹೊಸ ತಂಡದ ಮೊದಲ ತರಗತಿ. ಅತಿಥಿಗಳು ಕುರ್ಚಿಯಲ್ಲಿ ಕೂತಿರುವಾಗಲೇ ಮೋಟರ್ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು.

"ಯಾಕೆ ನಿಂತಿತೋ ನನಗೂ ಗೊತ್ತಿಲ್ಲ," ಎಂದೆ. "ಬನ್ನಿ, ಬಿಚ್ಚಿ ನೋಡೋಣ."

ಅದನ್ನೂ ಎಲ್ಲರೂ ಬರೆದುಕೊಂಡರು.